ಹೆಡ್‌ಮಿಸ್ಟ್ರೆಸ್ ಗಿರಿಜಮ್ಮನವರ ಉಯಿಲು

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ನಾನು ಶಿವಮೊಗ್ಗದಲ್ಲಿ ಸ್ವಂತವಾಗಿ ವಕೀಲಿ ಶುರುಮಾಡಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಬರುತ್ತಿದ್ದ ಕೇಸುಗಳು ಗದ್ದೆಯ ಬದುವಿನ ಜಗಳ, ಬಾಡಿಗೆದಾರರನ್ನು ಬಿಡಿಸುವ ದಾವೆ, ಹೀಗೆ. ಒಂದು ಶನಿವಾರ ಗಿರಿಜಮ್ಮನವರು ಭದ್ರಾವತಿಯಿಂದ ಬೆಳಗಿನ ರೈಲಿಗೆ ಬಂದು ನನ್ನೆದುರು ಕುಳಿತರು. ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೆಡ್‌ಮಿಸ್ಟ್ರೆಸ್. ವಯಸ್ಸು ನಲವತ್ತರ ಆಚೀಚೆ. ಹೃದಯದ ಕವಾಟ ಕೆಟ್ಟಿದೆಯೆಂದು ಡಾಕ್ಟರು ಹೇಳಿದ್ದನ್ನು ಶಾಲೆಯ ಟೈಮ್‌ಟೇಬಲ್ ಹೇಳುವಷ್ಟು ಸಮಾಧಾನವಾಗಿ ತಿಳಿಸಿ, ಒಂದು ಉಯಿಲು ಬರೆದುಕೊಡಬೇಕೆಂದರು.

ಸವಳಂಗ ರಸ್ತೆಯಲ್ಲಿ ಅವರಿಗೊಂದು ಮನೆಯಿತ್ತು. ತಮ್ಮ ನಂತರ ಅದು ತಾವು ಓದಿದ ಶಿವಮೊಗ್ಗದ ಕಾಲೇಜಿಗೆ ಹೋಗಬೇಕು, ಹೊರಊರಿನ ವಿದ್ಯಾರ್ಥಿನಿಯರು ಬಾಡಿಗೆ ಕೊಡದೆ ಅಲ್ಲಿ ಉಳಿದು ಓದಬೇಕು ಎಂಬುದು ಅವರ ಇಷ್ಟ. ಭದ್ರಾವತಿಯಲ್ಲಿ ಅವರ ಕೈಯಲ್ಲಿ ಕಲಿತ ಹುಡುಗಿಯರಲ್ಲಿ ಬಹಳ ಮಂದಿ ಕಾರ್ಖಾನೆಯ ಕೆಲಸಗಾರರ ಮಕ್ಕಳು. ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸಾದವರೂ ಶಿವಮೊಗ್ಗದಲ್ಲಿ ಇರಲು ಜಾಗವಿಲ್ಲದೆ ಮನೆಯಲ್ಲೇ ನಿಂತುಬಿಡುತ್ತಿದ್ದರು. ಆಗಿನ ಹಾಸ್ಟೆಲುಗಳೋ ಹೆಚ್ಚಾಗಿ ಒಂದೊಂದು ಜಾತಿಗೆ ಒಂದೊಂದು, ಅದೂ ಗಂಡುಹುಡುಗರಿಗೆ. ಈ ಮನೆಯಲ್ಲಿ ಯಾರ ಜಾತಿ ಮತವನ್ನೂ ಕೇಳಬಾರದು, ಎಲ್ಲರಿಗೂ ಒಂದೇ ಅಡುಗೆಮನೆ ಎಂದು ಅವರು ಖಂಡಿತವಾಗಿ ಬರೆಸಿದರು.

ಮನೆ ಅವರ ಗಂಡ ಸ್ವಂತ ಸಂಪಾದನೆಯಿಂದ ಕಟ್ಟಿಸಿದ್ದು. ಗಂಡ ತೀರಿಕೊಂಡಾಗ ಗಿರಿಜಮ್ಮನವರಿಗೆ ಇಪ್ಪತ್ತು ವರ್ಷ, ಮಕ್ಕಳಿರಲಿಲ್ಲ. ಹಳೆಯ ಕಾನೂನಿನಲ್ಲಿ ಗಂಡನಿಂದ ಬಂದ ಆಸ್ತಿಯನ್ನು ವಿಧವೆ ಬದುಕಿರುವವರೆಗೆ ಅನುಭವಿಸಬಹುದಿತ್ತೇ ಹೊರತು ತನಗಿಷ್ಟ ಬಂದವರಿಗೆ ಬರೆದುಕೊಡುವ ಹಕ್ಕಿರಲಿಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಅಂಥ ಹೆಂಗಸರನ್ನು ಪೂರ್ಣ ಒಡತಿಯರನ್ನಾಗಿ ಮಾಡಿತು. ಹಾಗಾಗಿ ಉಯಿಲು ಬರೆಯಲು ಅಡ್ಡಿಯಿರಲಿಲ್ಲ. ಆದರೆ ಬರೆಯದೆ ಹೋದರೆ ಮನೆ ಅವರ ಮೈದುನ ರುದ್ರಪ್ಪನವರಿಗೆ ಸೇರುತ್ತಿತ್ತು. ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿ, ಮೂರು ಗಂಡುಮಕ್ಕಳ ತಂದೆ. ಅವರು ಕೋರ್ಟಿಗೆ ಹೋದರೆ ದಾವೆ ವರ್ಷಗಟ್ಟಲೆ ಎಳೆಯುತ್ತದೆ. ಅಲ್ಲಿಯವರೆಗೆ ಮನೆಗೆ ಬೀಗ ಬಿದ್ದಿರುತ್ತದೆ. ಆದ್ದರಿಂದ ಉಯಿಲಿನ ಸುದ್ದಿ ಸದ್ಯಕ್ಕೆ ಯಾರಿಗೂ ತಿಳಿಯದಿರಲಿ ಎಂದು ನಾನು ಸಲಹೆ ಕೊಟ್ಟೆ. ವಕೀಲರು ಸಾಮಾನ್ಯವಾಗಿ ಕೊಡುವ ಸಲಹೆಯೇ ಅದು.

ಗಿರಿಜಮ್ಮನವರು ಒಪ್ಪಲಿಲ್ಲ. ಮರುದಿನವೇ ನನ್ನನ್ನು ಕರೆದುಕೊಂಡು ಮೈದುನನ ಮನೆಗೆ ಹೋಗಿ, ಕಾಫಿ ಲೋಟ ಕೆಳಗಿಡುವ ಮೊದಲೇ ವಿಷಯ ಹೇಳಿಬಿಟ್ಟರು. ರುದ್ರಪ್ಪನವರ ಮುಖ ಸಣ್ಣದಾಯಿತು.

"ನಿಮ್ಮನ್ನ ಓದ್ಸಿದ್ದು ಈ ಮನೆಯವ್ರು ಅತ್ತಿಗೆ. ಈಗ ಅಣ್ಣ ಕಟ್ಸಿದ ಮನೇನ ಊರವ್ರಿಗೆ ಕೊಡ್ತೀರಾ?"

"ಈ ಮನೆಯವ್ರು ಓದ್ಸಿದ್ರು ಅಂತ್ಲೇ ಕೊಡ್ತಿರೋದು. ಆದ್ರೆ ನೀನು ಒಪ್ಪದೆ ನಾನು ಸಹಿ ಹಾಕಲ್ಲ ರುದ್ರಪ್ಪ," ಎಂದು ಅವರು ಎದ್ದರು.

ದಾರಿಯಲ್ಲಿ ನಾನು ಬಹಳ ಹೇಳಿದೆ. ಕಾನೂನು ನಿಮ್ಮ ಕಡೆಗಿದೆ, ಆರೋಗ್ಯ ನಿಮ್ಮ ಕಡೆಗಿಲ್ಲ, ಕಾಯಬೇಡಿ ಎಂದೆ. ಅವರು ಅತ್ತ ಕಿವಿಗೊಡಲಿಲ್ಲ. ಕರಡು ನನ್ನ ಬೀರುವಿನಲ್ಲೇ ಉಳಿಯಿತು. ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರೆಂದು ಕೇಳಿ ಭದ್ರಾವತಿಗೆ ಹೋದೆ. ಉಸಿರಾಡಲು ಕಷ್ಟಪಡುತ್ತಿದ್ದರು. ಅಂದೂ ಸಹಿಯ ಮಾತೆತ್ತಿದಾಗ, "ಅವನು ಬರ್ತಾನೆ," ಎಂದರು, ಅಷ್ಟೆ. ನನಗೆ ನಂಬಿಕೆಯಿರಲಿಲ್ಲ.

ಅವರು ಚೇತರಿಸಿಕೊಂಡರು. ದಸರಾ ಕಳೆದ ಮೇಲೆ ಒಂದು ದಿನ ಕರಡಿನಲ್ಲಿ ಏನೋ ತಿದ್ದಲು ನನ್ನ ಆಫೀಸಿಗೆ ಬಂದಿದ್ದರು. ಅವರು ಬಂದಿರುವುದನ್ನು ಯಾರಿಂದಲೋ ತಿಳಿದ ರುದ್ರಪ್ಪನವರೂ ಅಲ್ಲಿಗೇ ಬಂದರು. ಅತ್ತಿಗೆಯ ಕಡೆ ನೋಡದೆ ನನ್ನೊಡನೆ ಮಾತಾಡಿದರು.

"ಒಂದು ಸಲ ಫೇಲಾದ್ರೆ ಹುಡುಗೀನ ಆ ಮನೆಯಿಂದ ಹೊರಗೆ ಹಾಕ್ಬಾರ್ದು. ಇನ್ನೊಂದು ವರ್ಷ ಇಟ್ಕೊಂಡು ಓದಿಸ್ಬೇಕು. ಅಷ್ಟು ಸೇರ್ಸಿ ವಕೀಲ್ರೆ, ನಾನೇ ಸಾಕ್ಷಿ ಹಾಕ್ತೀನಿ."

ಕಾರಣ ಅವರೇ ನಿಧಾನವಾಗಿ ಹೇಳಿದರು. ಅವರೂ ಅದೇ ಕಾಲೇಜಿನ ವಿದ್ಯಾರ್ಥಿ. ಇಂಟರ್‌ಮೀಡಿಯೆಟ್‌ನಲ್ಲಿ ಭೌತಶಾಸ್ತ್ರ ಒಂದರಲ್ಲೇ ಫೇಲಾದರು. ಅಣ್ಣ ತೀರಿಹೋಗಿದ್ದ ವರ್ಷ ಅದು. ತಂದೆ ಮಗನನ್ನು ಅಂಗಡಿಯಲ್ಲಿ ಕೂರಿಸಿ, ವಿಧವೆ ಸೊಸೆಗೊಂದು ಬದುಕಾಗಲಿ ಎಂದು ಅವಳನ್ನು ಕಾಲೇಜಿಗೆ ಸೇರಿಸಿದರು. ಊರೆಲ್ಲ ಆ ಹಿರಿಯರನ್ನು ಹೊಗಳಿತು. ಮಗನಿಗೆ ಇನ್ನೊಮ್ಮೆ ಪರೀಕ್ಷೆ ಕಟ್ಟುವ ಆಸೆಯಿತ್ತೇ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ, ರುದ್ರಪ್ಪನವರೂ ಹೇಳಿಕೊಳ್ಳಲಿಲ್ಲ.

ಗಿರಿಜಮ್ಮನವರು ಮೈದುನನ ಕಡೆ ತಿರುಗಿದರು. "ನಿನ್ನ ಪುಸ್ತಕದಲ್ಲೇ ನಾನು ಓದಿದ್ದು. ಒಂದು ದಿನಾನೂ ನಿನ್ನ ಕೇಳ್ಲಿಲ್ಲ," ಎಂದರು.

"ಕೇಳಿದ್ರೂ ಬೇಕಾಗಿಲ್ಲ ಅಂತಿದ್ದೆ ಬಿಡಿ ಅತ್ತಿಗೆ," ಎಂದು ರುದ್ರಪ್ಪ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಆ ಷರತ್ತನ್ನು ಅಲ್ಲೇ ಸೇರಿಸಿದೆ. ಮರುವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅತ್ತಿಗೆ ಸಹಿ ಹಾಕಿದರು, ಮೈದುನ ಮೊದಲನೆಯ ಸಾಕ್ಷಿಯಾದರು. ಆಸ್ತಿ ಯಾರ ಕೈತಪ್ಪುತ್ತದೋ ಅವರೇ ಸಾಕ್ಷಿ ಹಾಕಿದ ಉಯಿಲನ್ನು ನನ್ನ ವೃತ್ತಿಯಲ್ಲಿ ಮತ್ತೊಮ್ಮೆ ನಾನು ಕಾಣಲಿಲ್ಲ.

ನಾಲ್ಕು ವರ್ಷಗಳ ನಂತರ ಗಿರಿಜಮ್ಮನವರು ತೀರಿಕೊಂಡರು. ಉಯಿಲು ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಮನೆಗೆ ಸುಣ್ಣ ಬಣ್ಣ ಮಾಡಿಸಿ ಪ್ರಿನ್ಸಿಪಾಲರ ವಶಕ್ಕೆ ಕೊಟ್ಟವರು ರುದ್ರಪ್ಪನವರೇ. ಆ ಜೂನ್‌ನಲ್ಲಿ ಭದ್ರಾವತಿಯಿಂದ ಬಂದ ಮೊದಲ ಹುಡುಗಿಯರ ಟ್ರಂಕುಗಳನ್ನು ಅವರ ಅಂಗಡಿಯ ಆಳುಗಳು ಜಟಕಾದಿಂದ ಇಳಿಸುತ್ತಿದ್ದುದನ್ನು ನಾನೇ ಕಂಡೆ.

ಯಾರಿಗೆ ಕೊಡುವ ಹಕ್ಕಿದೆ ಎಂಬುದನ್ನು ಕಾನೂನು ಹೇಳುತ್ತದೆ. ಕಳೆದುಕೊಳ್ಳುವವರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅವರ ಮನೆಗೇ ಹೋಗಿ ಕೇಳಬೇಕು. ಅಲ್ಲಿಂದಾಚೆ ಉಯಿಲು ಬರೆಸಲು ಬಂದವರಿಗೆಲ್ಲ, ಇದರಿಂದ ಯಾರಿಗೆ ನೋವಾಗುತ್ತದೆ, ಅವರೊಡನೆ ಮಾತಾಡಿದ್ದೀರಾ ಎಂದು ನಾನು ಮೊದಲು ಕೇಳುತ್ತಿದ್ದೆ. ಕೆಲವರು ಸಿಟ್ಟಾಗಿ ಬೇರೆ ವಕೀಲರ ಬಳಿಗೆ ಹೋದರು. ಕೆಲವರು ತಿಂಗಳು ಕಳೆದು ಮತ್ತೆ ಬಂದರು, ತಮ್ಮನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು.