ಹಬ್ಬದ ದಿನದ ಬೂಟು

ಮೊನ್ನೆ ಮೇಸ್ತ್ರಿಯ ಸೊಸೆ ರವೀಂದ್ರನಗರದಿಂದ ಬಂದು ಒಂದು ಹಳೆಯ ಫೋಟೋ ಕೊಟ್ಟುಹೋದಳು. ಮಾವನ ತಿಥಿ ಮುಗಿಸಿ ಅಟ್ಟ ಗುಡಿಸುವಾಗ ಸಿಕ್ಕಿತಂತೆ. "ನಿಮ್ಮ ಯಜಮಾನ್ರೂ ಇದಾರೆ ದೊಡ್ಡಮ್ಮ, ನೀವೇ ಇಟ್ಕೊಳ್ಳಿ" ಅಂದಳು. ಸುತ್ತಿದ್ದ ಬಟ್ಟೆ ಬಿಚ್ಚಿದ ಕೂಡಲೇ ಗೆದ್ದಲು ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಐವತ್ತು ವರ್ಷ ಹೊಟ್ಟೆಯೊಳಗಿಟ್ಟುಕೊಂಡು ಬೆಂದವಳಿಗೆ ಆ ಬುದ್ಧಿಮಾತು ಬೇಡ. ಆ ಮೇಸ್ತ್ರಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಾನು ಮದುವೆಯಾಗಿ ಶಿವಮೊಗ್ಗೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಊರ ಹೊರಗೆ ಒಬ್ಬ ಸಾಹುಕಾರನ ಎರಕದ ಶೆಡ್ ಇತ್ತು. ಭದ್ರಾವತಿಯಿಂದ ಬೀಡು ಕಬ್ಬಿಣ ತರಿಸಿ, ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು ಕಬ್ಬಿನ ಗಾಣದ ಉರುಳೆ ಮಾಡುತ್ತಿದ್ದರು. ನಮ್ಮ ಯಜಮಾನರು ಹೊಯ್ಯುವವರು. ಕರಗಿದ ಕಬ್ಬಿಣದ ಮುಂದೆ ಬರಿಗಾಲಲ್ಲೇ ನಿಲ್ಲುತ್ತಿದ್ದರು, ಎಲ್ಲರೂ ಹಾಗೆಯೇ. ಮೇಸ್ತ್ರಿ ಒಬ್ಬನೇ ಸದಾ ಕ್ಯಾನ್ವಾಸ್ ಶೂ ಹಾಕಿಕೊಂಡು ತಿರುಗುತ್ತಿದ್ದ. ಪಕ್ಕದ ಮನೆಯವನು, ನಲ್ಲಿಗೆ ನೀರಿಗೆ ಬಂದರೂ ಶೂ! ನಾವು ಹೆಂಗಸರು "ದೊರೆ ಬಂದ, ದಾರಿ ಬಿಡಿ" ಅಂತ ನಗುತ್ತಿದ್ದೆವು.

ಆ ವರ್ಷ ಆಯುಧಪೂಜೆಗೆ ಸಾಹುಕಾರನಿಗೆ ಫೋಟೋದ ಹುಚ್ಚು ಹಿಡಿಯಿತು. ದೊಡ್ಡ ಕಾರ್ಖಾನೆಗಳಲ್ಲಿ ಹಾಗೆ ಗೋಡೆಗೆ ಹಾಕುತ್ತಾರೆ, ನೋಡಲು ಬರುವ ಅಧಿಕಾರಿಗಳಿಗೆ ನಮ್ಮದೂ ಕಾಣಲಿ ಅಂತ. ಫೋಟೋದಲ್ಲಿ ಬರಿಗಾಲು ಕಾಣಬಾರದೆಂದು ಮೇಸ್ತ್ರಿ ಈಗಿನ ಗಾಂಧಿ ಬಜಾರ್ ಕಡೆಯ ಅಂಗಡಿಯಿಂದ ಒಂದು ಗೋಣಿಚೀಲದ ತುಂಬ ಬೂಟು ತಂದ. ಫೋಟೋಕ್ಕೆ ನಿಲ್ಲಬೇಕಾದದ್ದು ಕುಲುಮೆಯನ್ನೇ ಅಮ್ಮನೆಂದು ಕುಂಕುಮ ಹಚ್ಚಿ, ಹೂವಿಟ್ಟು, ಕುಂಬಳಕಾಯಿ ಜೋಡಿಸಿದ್ದ ಜಾಗದಲ್ಲಿ. ಪೂಜೆಯ ಮುಂದೆ ಯಾರಾದರೂ ಚಪ್ಪಲಿ ಮೆಟ್ಟುತ್ತಾರೆಯೇ? ನಮ್ಮವರು ಹಿಂದೆ ಸರಿದರಂತೆ. "ಹಾಕ್ಕೊಳ್ರಯ್ಯ, ಒಂದು ಗಳಿಗೆ ಕೆಲಸ" ಅಂತ ಮೇಸ್ತ್ರಿಯೇ ಗದರಿಸಿ ನಿಲ್ಲಿಸಿದ. ಫೋಟೋ ಆದ ಮೇಲೆ ಬೂಟುಗಳನ್ನು ಒರೆಸಿ, ಮತ್ತೆ ಚೀಲಕ್ಕೆ ತುಂಬಿ, ಮಧ್ಯಾಹ್ನದೊಳಗೆ ಅಂಗಡಿಗೆ ವಾಪಸ್ಸು. ಮನೆಗೆ ಬಂದ ಯಜಮಾನರು ಕಾಲು ಉಜ್ಜಿಕೊಳ್ಳುತ್ತಾ, "ಪೂಜೆ ಮುಂದೆ ಬೂಟು ಹಾಕ್ಕೊಂಡ್ಬಿಟ್ಟೆ ಮಾರಾಯ್ತಿ, ಮನಸ್ಸಿಗೆ ಸರಿ ಬರ್ತಿಲ್ಲ" ಅಂದರು.

ತಿಂಗಳು ತುಂಬುವುದರೊಳಗೆ ಒಂದು ದಿನ ಅಚ್ಚಿನ ಮರಳು ಹಸಿ ಇತ್ತು. ಹೊಯ್ದ ಕಬ್ಬಿಣ ಸಿಡಿದು ಅವರ ಬಲಗಾಲಿನ ಮೇಲೆ ಬಿತ್ತು... ಅದನ್ನು ಬರೆಯಲಾರೆ. ನಾಲ್ಕು ಜನ ಎತ್ತಿಕೊಂಡು ಬಂದರು. ಹಿಂದೆಯೇ ಮೇಸ್ತ್ರಿ. "ಸುಣ್ಣದ ತಿಳಿ, ಕೊಬ್ಬರಿ ಎಣ್ಣೆ ಕಡೆದು ಹಚ್ಚಿ. ಬೆರಳು ಬೆರಳಿನ ಮಧ್ಯೆ ಬಟ್ಟೆ ಇಡಿ, ಇಲ್ದಿದ್ರೆ ಅಂಟ್ಕೊಂಡ್ಬಿಡ್ತವೆ" ಅಂತ ಹೇಳಿ ಹೋದ. ಹಾಗೆಯೇ ಮಾಡಿದೆ, ಆದರೂ ಬೆರಳುಗಳು ಅಂಟಿಕೊಂಡೇಬಿಟ್ಟವು. ಇವನಿಗೆ ಹೇಗೆ ಗೊತ್ತು ಅಂತ ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ಎರಡು ತಿಂಗಳ ಮೇಲೆ ಯಜಮಾನರನ್ನು ಕೋಲೂರಿಸಿಕೊಂಡು ಶೆಡ್ಡಿಗೆ ಕರೆದೊಯ್ದೆ. ಕೂತು ಮಾಡುವ ಕೆಲಸ ಏನಾದರೂ ಕೊಡಿ ಅಂತ ಕೇಳಿದೆ. ಸಾಹುಕಾರ ಗೋಡೆಯ ಮೇಲೆ ಎತ್ತರದಲ್ಲಿದ್ದ ಫೋಟೋ ತೋರಿಸಿದ. "ನೋಡಮ್ಮ, ಎಲ್ರ ಕಾಲಲ್ಲೂ ಬೂಟಿದೆ. ಕೊಟ್ಟಿದ್ದನ್ನ ಹಾಕ್ಕೊಳ್ದೇ ಹೋದ್ರೆ ತಪ್ಪು ಯಾರ್ದು?"

ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿಯ ಕಡೆ ತಿರುಗಿದೆ. "ಮೇಸ್ತ್ರಿಗಳೇ, ನೀವಾದ್ರೂ ನಿಜ ಹೇಳಿ" ಅಂದೆ.

ಅವನು ತನ್ನ ಶೂ ನೋಡಿಕೊಂಡು, "ಬೂಟು ಕೊಟ್ಟಿದ್ದು ಹೌದು" ಅಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರೇ, "ಬಿಡೇ, ತಪ್ಪು ನಂದೇ. ಅಮ್ಮನ ಮುಂದೆ ಬೂಟು ಮೆಟ್ಟಿ ನಿಂತೆ, ಅವಳು ಕಾಲು ತಗೊಂಡ್ಲು" ಅಂದುಬಿಟ್ಟರು. ಸಾಹುಕಾರನಿಗೆ 'ತಪ್ಪು ನಂದೇ' ಅನ್ನುವುದಷ್ಟೇ ಸಾಕಾಗಿತ್ತು. ಕೆಲಸ ಹೋಯಿತು. ಆ ಮೇಸ್ತ್ರಿಯ ನಾಲಿಗೆಗೆ ಏನು ಬಂದಿತ್ತು ರೋಗ?

ಭದ್ರಾವತಿಯ ಹಳೇ ನಗರಕ್ಕೆ ಹೋಗಿ ಕೂಲಿಯವರಿಗೆ ಮುದ್ದೆ ಊಟ ಹಾಕಿ ಬದುಕಿದೆವು. ಅವರು ಕೂತಲ್ಲೇ ಒಲೆ ನೋಡಿಕೊಂಡರು. ಕಷ್ಟಕ್ಕೆ ನಾನು ಅಂಜಲಿಲ್ಲ. ಆದರೆ ಪ್ರತಿ ಆಯುಧಪೂಜೆಗೂ ಅವರು ಆ ಸೊಟ್ಟ ಕಾಲು ಮುಂದಿಟ್ಟುಕೊಂಡು ಗಲ್ಲ ಬಡಿದುಕೊಂಡು "ತಪ್ಪಾಯ್ತು ತಾಯಿ" ಅನ್ನುತ್ತಿದ್ದರಲ್ಲ, ಅದನ್ನು ನೋಡಲಾಗುತ್ತಿರಲಿಲ್ಲ. ನಿಮ್ಮದೇನೂ ತಪ್ಪಿಲ್ಲ, ಅದು ಹಸಿ ಮರಳಿನ ತಪ್ಪು, ಬರಿಗಾಲಲ್ಲಿ ನಿಲ್ಲಿಸಿದವರ ತಪ್ಪು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಸಾಯುವ ವಾರವೂ ಕೇಳಿದರು, "ಅಮ್ಮ ಕ್ಷಮಿಸಿರ್ತಾಳೇನೇ?"

ಈಗ ಫೋಟೋ ನನ್ನ ಮಡಿಲಲ್ಲಿದೆ. ಅವತ್ತು ಎತ್ತರದಲ್ಲಿತ್ತು, ನಮ್ಮವರ ಕಾಲು ಬಿಟ್ಟು ಬೇರೇನೂ ನೋಡಿರಲಿಲ್ಲ. ಈಗ ಕನ್ನಡಕ ಹಾಕಿ ನೋಡಿದೆ. ಎಂಟು ಜನರ ಕಾಲಲ್ಲೂ ಹೊಚ್ಚ ಹೊಸ ಬೂಟು, ಒಂದರ ಮೇಲೂ ಬೂದಿಯಿಲ್ಲ. ನಮ್ಮವರದಂತೂ ಲಾಡಿಯನ್ನೂ ಕಟ್ಟಿಲ್ಲ, ಕಟ್ಟಲು ಬರುತ್ತಿದ್ದರೆ ತಾನೇ! ತುದಿಯಲ್ಲಿ ಮೇಸ್ತ್ರಿ. ಅವರಿಗೆಲ್ಲ ತುರುಕಿಸಿ, ತಾನು ಮಾತ್ರ ಅಮ್ಮನ ಮುಂದೆ ಶೂ ಬಿಚ್ಚಿಟ್ಟು ನಿಂತಿದ್ದಾನೆ. ಎಡಗಾಲನ್ನು ಕುಂಬಳಕಾಯಿಯ ಹಿಂದೆ ಮರೆಮಾಡಲು ನೋಡಿದ್ದಾನೆ, ಪೂರ್ತಿ ಆಗಿಲ್ಲ. ಆ ಪಾದದಲ್ಲಿ ಬೆರಳುಗಳೇ ಇಲ್ಲ. ಕರಗಿ ಒಂದಕ್ಕೊಂದು ಅಂಟಿಕೊಂಡ ಮಾಂಸದ ಮುದ್ದೆ, ನನ್ನ ಗಂಡನ ಕಾಲಿನ ಹಾಗೆಯೇ.

ಅಯ್ಯೋ ಪಾಪಿ! ಶೂ ಒಳಗೆ ಇದನ್ನು ಮುಚ್ಚಿಟ್ಟುಕೊಂಡು ಅವತ್ತು ಸುಮ್ಮನೆ ನಿಂತೆಯಾ? ಸಾಹುಕಾರನ ಮುಂದೆ ಬೇಡಪ್ಪ, ನಿನ್ನ ಹೊಟ್ಟೆಪಾಡು ನಿನಗೆ. ಗೋಡೆಯಾಚೆ ಮನೆ. ಒಂದು ಸಲ ಬಂದು ನಮ್ಮವರ ಮುಂದೆ ಆ ಶೂ ಬಿಚ್ಚಿದ್ದರೆ ಸಾಕಿತ್ತು. ಅಮ್ಮನ ಮುಂದೆ ಬರಿಗಾಲಲ್ಲಿ ನಿಂತವನನ್ನೂ ಕಬ್ಬಿಣ ಬಿಟ್ಟಿಲ್ಲ ಅಂತ ಅವರಿಗೆ ತಿಳಿಯುತ್ತಿತ್ತು.

ಫೋಟೋವನ್ನು ಒರೆಸಿ ಯಜಮಾನರ ಪಟದ ಪಕ್ಕ ಇಟ್ಟಿದ್ದೇನೆ. "ನೋಡಿ, ಆ ತುದಿಯವನ ಕಾಲು ನೋಡಿ" ಅಂತ ದಿನಾ ಹೇಳುತ್ತೇನೆ. ಅವರು ಹೋಗಿ ಒಂಬತ್ತು ವರ್ಷವಾಯಿತು.