ಬೋರಮಾಳ ಹಾಕಿಕೊಂಡು ಕಡಲು ದಾಟಿದ್ದು

ಈ ದ್ವೀಪದಲ್ಲಿ ಬಾಗಿಲಿಗೆ ಬೀಗ ಹಾಕುವವಳು ನಾನೊಬ್ಬಳೇ. ಬಂದ ದಿನ ಮನೆ ಒಡತಿ ಹವ್ವಾ ನನ್ನ ಕೋಣೆ ತೋರಿಸಿದಾಗ, ಕೀಲಿ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ನಕ್ಕು ಒಳಗೆ ಹೋದರು, ಎರಡು ಡಬ್ಬಿ ತಡಕಾಡಿದರು, ಬರಿಗೈಯಲ್ಲಿ ಹೊರಗೆ ಬಂದರು. ಆ ಬಾಗಿಲಿಗೆ ಕೀಲಿಯೇ ಇರಲಿಲ್ಲ. ಮರುದಿನ ದೋಣಿಯವನಿಗೆ ಹೇಳಿ ಪಕ್ಕದ ದ್ವೀಪದಿಂದ ಚಿಲಕ, ಬೀಗ ತರಿಸಿಕೊಂಡೆ. ಅದನ್ನು ಜಡಿಯುವುದನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದು ನಿಂತರು.

ಮಾಲ್ಡೀವ್ಸ್ ಎಂದರೆ ಪ್ರವಾಸಿಗರ ಫೋಟೋಗಳಲ್ಲಿ ಕಾಣುವ ನೀಲಿ ನೀರು ಎಂದು ನಮ್ಮ ಕಡೆಯವರು ತಿಳಿದಿದ್ದಾರೆ. ನಾನಿರುವುದು ಆ ದೇಶದ ಒಂದು ಸಣ್ಣ ದ್ವೀಪದಲ್ಲಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ನಿಮಿಷದ ನಡಿಗೆ. ಇಲ್ಲಿಯ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ.

ವಿಜಯಪುರದ ಇಬ್ಬರು ಶಿಕ್ಷಕಿಯರು ಇದೇ ಕೆಲಸಕ್ಕೆ ಬರುವವರಿದ್ದಾರೆ. ಫೋನಿನಲ್ಲಿ ಅವರು ಮೊದಲು ಕೇಳಿದ್ದು ಮನೆಯ ಬಗ್ಗೆಯಲ್ಲ, ಊಟದ ಬಗ್ಗೆಯೂ ಅಲ್ಲ. "ಮೇಡಂ, ಕೊಳ್ಳಾಗಿಂದು, ಕೈಯಾಗಿಂದು ಹಾಕ್ಕೊಂಡು ಬರೂದೋ, ತೆಗದಿಟ್ಟು ಬರೂದೋ?" ಎಂದು ಕೊರಳಿನ, ಕೈಯ ಬಂಗಾರದ ಬಗ್ಗೆ ಕೇಳಿದರು. ಒಂದು ಮಾತಿನಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏನು ನಡೆಯಿತೋ ಅದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ತಿಕೋಟಾ ಕಡೆಯ ಕಳ್ಳಕವಟಗಿಯಲ್ಲಿ. ಅಕ್ಕನನ್ನು ಬಬಲೇಶ್ವರದ ಹತ್ತಿರದ ಕಾಖಂಡಕಿಗೆ ಕೊಟ್ಟರು. ನನಗೆ ಮದುವೆಯಾಗಲಿಲ್ಲ. ಅಪ್ಪ, ಅವ್ವ ಇಬ್ಬರೂ ತೀರಿಕೊಂಡ ಮೇಲೆ ವಿಜಯಪುರದ ಇಬ್ರಾಹಿಂಪುರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಶಾಲೆಯಲ್ಲಿ ಕಲಿಸುತ್ತ ಹನ್ನೊಂದು ವರ್ಷ ಇದ್ದೆ. ಹಬ್ಬಕ್ಕೆ, ಜ್ವರಕ್ಕೆ, ರಜೆಗೆ ಅಕ್ಕನ ಮನೆ. ನನ್ನ ಆಧಾರ್ ಮಾತ್ರ ಇಬ್ರಾಹಿಂಪುರದ್ದು. ಉಳಿದ ಎಲ್ಲ ಕಾಗದಗಳಲ್ಲೂ ಕಾಖಂಡಕಿಯ ವಿಳಾಸವೇ ಇದೆ.

ಅವ್ವ ನನಗೆ ಬಿಟ್ಟು ಹೋದದ್ದು ಒಂದು ಬೋರಮಾಳ. ಸಣ್ಣ ಬಾರಿ, ಅಂದರೆ ಬೋರೆಹಣ್ಣಿನಂಥ ಬಂಗಾರದ ಗುಂಡುಗಳ ಸರ ಅದು. ಗುಂಡುಗಳ ಒಳಗೆ ಅರಗು ತುಂಬಿರುತ್ತದೆ, ಹೊರಗೆ ಬಂಗಾರದ ತೆಳು ಹೊದಿಕೆ. ಹಾಗಾಗಿ ಕೈಯಲ್ಲಿ ತೂಗಿ ನೋಡಿ ಅಸಲಿ, ನಕಲಿ ಹೇಳುವುದು ಕಷ್ಟ. "ದೊಡ್ಡಾಕಿಗೆ ಮದುವ್ಯಾಗ ಪಾಟ್ಲಿ ಬಳಿ ಹಾಕೇನಿ, ಬೋರಮಾಳ ಸಣ್ಣಾಕೀದು" ಎಂದು ಅವ್ವ ದೊಡ್ಡವ್ವನೂ ಸೇರಿ ನಾಲ್ಕು ಜನರ ಮುಂದೆ ಹೇಳಿದ್ದಳು. ಅದರಲ್ಲೊಂದು ಗುಂಡು ಚಪ್ಪಟೆಯಾಗಿತ್ತು. ಹಾಲುಹಲ್ಲು ಬಂದಾಗ ನಾನೇ ಕಚ್ಚಿದ್ದಂತೆ.

ಕೆಲಸ ಸಿಕ್ಕಾಗ ನಾನು ಸರವನ್ನು ಅಕ್ಕನಿಗೆ ಕೊಡಲು ಹೋದೆ. "ಇದನ್ನ ನಿನ್ನ ಕಡೆ ಇಟ್ಕೋ ಅಕ್ಕ. ಪರದೇಶದಾಗ ಎಲ್ಲರೆ ಕಳದ್ರ?" ಎಂದೆ. ಅಕ್ಕ ನನ್ನ ಕೈ ಹಿಂದಕ್ಕೆ ತಳ್ಳಿದಳು.

"ಹುಚ್ಚಿ, ಹೆಣ್ಣಮಗಳು ಬರೇ ಕೊಳ್ಳಾಗ ಸಮುದ್ರ ದಾಟತಾಳನು? ಮಂದಿ ಏನಂದಾರು, ಹಿಂದ ಮುಂದ ಯಾರೂ ಇಲ್ಲ ಅಂದಾರು. ಅವ್ವಂದು ನಿನ್ನ ಮೈಮ್ಯಾಲಿರಲಿ." ಆಮೇಲೆ ದಾರ ಹಿಡಿದು ನೋಡಿದಳು. "ಇದು ಸವದೈತಿ ಬೇ. ಹಾದ್ಯಾಗ ಹರದ್ರ ಗುಂಡೆಲ್ಲಿ ಹುಡುಕತಿ? ಕೊಡಿಲ್ಲಿ, ಪಟವೇಗಾರನ ಕಡೆ ಪೋಣಿಸಿಕೊಂಡು ಬರ್ತೀನಿ."

ಸರಕ್ಕೆ ಹೊಸ ರೇಷ್ಮೆ ದಾರ ಹಾಕಿ ಪೋಣಿಸಿಕೊಡುವವನು ಪಟವೇಗಾರ. ಎಂಟು ದಿನ ಸರ ಅಕ್ಕನ ಬಳಿ ಇತ್ತು. ನಾನು ಹೊರಟ ದಿನ ಅವಳು ವಿಜಯಪುರದ ಸ್ಟೇಶನ್ನಿಗೆ ಬಂದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನನ್ನನ್ನು ಕೂಡಿಸಿ, ಜಡೆ ಮೇಲೆತ್ತಿ, ತನ್ನ ಕೈಯಾರೆ ಕಟ್ಟಿದಳು. ದಾರ ಕೆಂಪಗೆ ಹೊಸದಾಗಿತ್ತು. ನಾನು ರೂಢಿಯಂತೆ ಚಪ್ಪಟೆ ಗುಂಡನ್ನು ಬೆರಳಲ್ಲಿ ಹುಡುಕಿದೆ. ಸಿಗಲಿಲ್ಲ.

"ಪತ್ತಾರ ತಿದ್ದಿಕೊಟ್ಟಾನ" ಎಂದಳು ಅಕ್ಕ. ಪತ್ತಾರ ಎಂದರೆ ನಮ್ಮ ಕಡೆಯ ಅಕ್ಕಸಾಲಿಗ. "ಎಷ್ಟ ದಿನ ಅಂತ ಕಚ್ಚಿದ್ದು ಇಟ್ಕೋತಿ? ಈಗ ದೊಡ್ಡಾಕಿ ಆಗೀದಿ."

ಇಬ್ಬರೂ ನಕ್ಕೆವು. ಅವಳ ಕಣ್ಣಲ್ಲಿ ನೀರಿತ್ತು. ನಾನು ಅದನ್ನು ಸ್ಪಷ್ಟವಾಗಿ ನೋಡಿದ್ದೇನೆ, ಅದು ಸುಳ್ಳು ಎಂದು ಇವತ್ತಿಗೂ ಹೇಳಲಾರೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಓಢಣಿಯನ್ನು ಮೂರು ಸುತ್ತು ಸುತ್ತಿಕೊಂಡೆ. ವಿಮಾನದಲ್ಲಿ ನಿದ್ದೆ ಮಾಡಲಿಲ್ಲ. ರಾಜಧಾನಿ ಮಾಲೆಯಿಂದ ಇಲ್ಲಿಗೆ ಬರುವ ದೋಣಿಯಲ್ಲಿ ಎಲ್ಲರೂ ಎರಡೂ ಕೈಯಿಂದ ಕಂಬಿ ಹಿಡಿದಿದ್ದರು. ನಾನು ಒಂದು ಕೈಯಿಂದ ಕಂಬಿ, ಇನ್ನೊಂದರಿಂದ ಕೊರಳು ಹಿಡಿದಿದ್ದೆ. ಶಾಲೆಯ ವಿಜ್ಞಾನದ ಮಾಸ್ತರರು ಕೇರಳದವರು, ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದರು. ಹೆಂಡತಿ ಕೊಟ್ಟ ದುಬಾರಿ ಗಡಿಯಾರ, ಉಪ್ಪುಗಾಳಿ ಎರಡು ತಿಂಗಳಲ್ಲಿ ತಿಂದುಬಿಡುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಕೊರಳ ಕಡೆ ನೋಡಿ, ಬಂಗಾರಕ್ಕೆ ಏನೂ ಆಗುವುದಿಲ್ಲ ಬಿಡಿ ಎಂದರು.

ನಮ್ಮ ಊರ ಕಡೆ ಕರಿನೆಲ ಕಣ್ಣು ಹಾಯುವಷ್ಟು ದೂರ ಬಯಲು. ಇಲ್ಲಿ ಅಷ್ಟೇ ದೂರ ನೀರು. ಅಲ್ಲಿ ತಿಕೋಟಾ ದಾಟಿದರೆ ದೂರದಿಂದಲೇ ಗುಮ್ಮಟ ಕಂಡು ಊರು ಬಂತೆಂದು ಚೀಲ ಎತ್ತಿಕೊಳ್ಳುತ್ತೇವೆ. ಇಲ್ಲಿ ದೋಣಿಯವನು ಹೇಳುವವರೆಗೆ ಯಾವ ದ್ವೀಪ ಎಂದು ತಿಳಿಯುವುದಿಲ್ಲ. ವಾರದ ರಜೆ ಶುಕ್ರವಾರ. ನನ್ನ ಮೈಗೆ ಮಾತ್ರ ಇನ್ನೂ ರವಿವಾರವೇ ರಜೆ.

ಇಲ್ಲಿಯವರ ಮುಂಜಾನೆಯ ಊಟ ಮಸ್ ಹುನಿ. ಮೀನು, ತೆಂಗಿನತುರಿ, ಉಳ್ಳಾಗಡ್ಡಿ ಕೂಡಿಸಿ ಕಲಸಿದ್ದು. ಅದರ ಜೊತೆ ರೋಶಿ, ಅಂದರೆ ನಮ್ಮ ಚಪಾತಿಯ ತಂಗಿ. ನಾನು ರೋಶಿಗೆ ಊರಿಂದ ತಂದ ಶೇಂಗಾಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಹಚ್ಚಿಕೊಂಡು ತಿಂದೆ. ಹಿಂಡಿ ಮುಗಿದ ದಿನ ಹವ್ವಾ ಇಣುಕಿ ನೋಡಿ, ತೆಂಗಿನತುರಿಗೆ ಬರೀ ಮೆಣಸಿನಕಾಯಿ, ನಿಂಬೆರಸ ಹಿಂಡಿ, ಮೀನಿಲ್ಲದೆ ಕಲಸಿ ತಂದುಕೊಟ್ಟರು. ನಾನು ಅವರನ್ನು ದತ್ತಾ ಎಂದು ಕರೆಯುತ್ತೇನೆ. ಇಲ್ಲಿಯ ದಿವೇಹಿ ಭಾಷೆಯಲ್ಲಿ ಅಕ್ಕ ಎಂದರ್ಥ. ನೀರಿಗೆ ಫೆನ್, ಬಂಗಾರಕ್ಕೆ ರನ್. ಅಂಗಡಿಯಲ್ಲಿ ಕೈಸನ್ನೆ ಇಲ್ಲದೆ ಉಪ್ಪು, ಸಕ್ಕರೆ ಕೇಳಿ ತಂದ ದಿನ ಅಕ್ಕನಿಗೆ ಫೋನು ಮಾಡಿ ಹೇಳಿದೆ. "ಅದೇನ್ ಮಾತ ಬೇ, ಗುಬ್ಬಿ ಕೂಗಿದಂಗ" ಎಂದು ಅವಳು ನಕ್ಕಳು.

ಸಂಜೆ ಹೆಂಗಸರು ಕಡಲ ದಂಡೆಯಲ್ಲಿ ಹಗ್ಗದ ಕುರ್ಚಿಗಳಲ್ಲಿ ಕೂತು ಹರಟುತ್ತಾರೆ. ದಿನಾ ನನ್ನನ್ನೂ ಕರೆದರು. ನಾನು ಹೋಗುತ್ತಿರಲಿಲ್ಲ. ಸರ ಹಾಕಿಕೊಂಡು ಹೋಗಲು ಭಯ, ಬಿಚ್ಚಿಟ್ಟು ಹೋಗಲು ಇನ್ನೂ ಭಯ. ನಾಲ್ಕು ತಿಂಗಳು ಹೀಗೆ ಕಳೆದೆ.

ಐದನೇ ತಿಂಗಳು ಕೊರಳಿನ ಸುತ್ತ ಹಸಿರು ಬಳೆಯಂತೆ ಕಲೆ ಬಂತು. ಬೆವರು ಎಂದುಕೊಂಡೆ. ಸಾಬೂನು ಹಾಕಿ ತಿಕ್ಕಿದೆ. ಹೋಯಿತು, ಮರುದಿನ ಮತ್ತೆ ಬಂತು. ಹವ್ವಾ ದತ್ತಾ ಅವರ ತಂದೆ ಅಕ್ಕಸಾಲಿಗರಾಗಿದ್ದವರು. ದತ್ತಾ ನನ್ನ ಕೊರಳ ಹತ್ತಿರ ಬಂದು ನೋಡಿ, ಒಂದು ಗುಂಡನ್ನು ಬೆರಳುಗಳ ನಡುವೆ ಚೆನ್ನಾಗಿ ಉಜ್ಜಿ, ಬೆರಳು ಮೂಸಿ, ನನಗೂ ಮೂಸಲು ಕೊಟ್ಟರು. ಹಳೆಯ ತಾಮ್ರದ ಕೊಡದ ವಾಸನೆ.

"ರನ್ ನೂನ್" ಎಂದರು. ಬಂಗಾರವಲ್ಲ.

ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ನನ್ನ ಕೋಣೆ ಗುಡಿಸಲು ಬರುತ್ತಿದ್ದವಳು ದತ್ತಾ ಅವರ ಮಗಳು. ನಾನು ಸ್ನಾನಕ್ಕೆ ಹೋದಾಗ ಸರ ಬಿಚ್ಚಿಡುತ್ತಿದ್ದೆ. "ಕೋಣೆಯೊಳಗೆ ಯಾರು ಬಂದಿದ್ದರು?" ಎಂದು ದತ್ತಾ ಅವರನ್ನೇ ಕೇಳಿದೆ. ಒಂದು ಸಲವಲ್ಲ, ಎರಡು ಸಲ. ಅವರು ಮೊದಲ ಸಲ ಅರ್ಥವಾಗದವರಂತೆ ನೋಡಿದರು, ಎರಡನೆಯ ಸಲ ಅರ್ಥವಾಗಿ ಎದ್ದು ಹೋದರು. ಮರುದಿನದಿಂದ ಮಗಳು ಗುಡಿಸಲು ಬರಲಿಲ್ಲ.

ಅದೇ ವಾರ ಕಾಖಂಡಕಿಯಲ್ಲಿ ಅಕ್ಕನ ಮಗನ ನಿಶ್ಚಯವಾಯಿತು. ಮನೆಮಟ್ಟಿನ ಕಾರ್ಯ. ಅವನೇ ಫೋಟೋ ಕಳಿಸಿದ. ಸೊಸೆಯಾಗುವ ಹುಡುಗಿ ಚೆಂದವಿದ್ದಳು. ಅವಳ ಕೊರಳಲ್ಲಿ ಬೋರಮಾಳ. ನಾನು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದೆ. ಎಡಗಡೆ ಒಂದು ಗುಂಡು ಚಪ್ಪಟೆಯಾಗಿತ್ತು.

ಶಾಲೆ ಬಿಟ್ಟ ಮೇಲೆ ಅಂಗಳದಲ್ಲಿ ನಿಂತು ಫೋನು ಮಾಡಿದೆ.

"ಅಕ್ಕ, ನನ್ನ ಸರ ಹಸರ ಬಿಡಾಕತ್ತೈತಿ."

"ಉಪ್ಪನೀರಿನ ಊರು. ಬಿಡತೈತಿ."

"ಬಂಗಾರ ಬಿಡಂಗಿಲ್ಲಕ್ಕ. ಫೋಟೋ ನೋಡೀನಿ. ಸೊಸಿ ಕೊಳ್ಳಾಗಿಂದು ಅವ್ವಂದು."

ಆ ಕಡೆ ಅಕ್ಕ ಪಾತ್ರೆ ಕೆಳಗಿಟ್ಟ ಸಪ್ಪಳ ಕೇಳಿತು.

"ಹೌದು, ಅವ್ವಂದು. ನನಗೂ ಅವ್ವನ. ನಿನಗೊಬ್ಬಾಕಿಗಷ್ಟ ಅಲ್ಲ."

"ಕೇಳಿದ್ರ ಕೊಡತಿದ್ದೆ."

"ಕೊಡತಿದ್ದಿಲ್ಲ ನೀ. ನಿನ್ನ ಛಲೋಕ್ಕ ಮಾಡೀನಿ, ಕಸ್ತೂರಿ. ಪರದೇಶದಾಗ ಕಳದ್ರ ನಕಲೀದ ಕಳೀಲಿ ಅಂತ. ಅಸಲಿ ಮನ್ಯಾಗ ಉಳೀತಿಲ್ಲೊ?" ಆಮೇಲೆ, ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಉಗುಳಿದಂತೆ, "ನಿನ್ನ ಹಿಂದ ಯಾರದಾರ ಬೇ ಅದನ್ನ ಹಾಕ್ಕೊಳ್ಳಾಕ?" ಎಂದಳು.

ಒಂದು ವಿಷಯ ಆಗ ಹೊಳೆದಿರಲಿಲ್ಲ, ಮರುದಿನ ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಹೊಳೆಯಿತು. ನಾನು ಸರವನ್ನು ಅವಳ ಬಳಿ ಬಿಡಲು ಹೋದಾಗ ಅವಳು ಯಾಕೆ ಬೇಡವೆಂದಳು? ಬಿಟ್ಟಿದ್ದರೆ ಅದು ನನ್ನದಾಗಿಯೇ ಅವಳ ಪೆಟ್ಟಿಗೆಯಲ್ಲಿರುತ್ತಿತ್ತು, ಎಂದಾದರೂ ಕೇಳಬಹುದಿತ್ತು. ನನ್ನ ಕೊರಳಿಗೆ ಕಟ್ಟಿ ಕಳಿಸಿದ್ದರಿಂದ, ಎಲ್ಲರ ಕಣ್ಣಲ್ಲಿ ಅದು ನನ್ನ ಜೊತೆಯೇ ಊರು ಬಿಟ್ಟಂತಾಯಿತು. ಅರ್ಧ ಬಿಡಿಸಿದ ಲೆಕ್ಕವನ್ನು ಹಾಗೇ ಬಿಟ್ಟು ಕುರ್ಚಿಯ ಮೇಲೆ ಕೂತುಬಿಟ್ಟೆ. ಮಕ್ಕಳು ಉತ್ತರ ಬರುತ್ತದೆಂದು ಕಾಯುತ್ತಿದ್ದರು.

ದತ್ತಾ ಅವರ ಬಳಿ ಹೋಗಿ ಮಾಫ್ ಕುರೇ, ಕ್ಷಮಿಸಿ, ಎಂದೆ. ಮಗಳನ್ನೂ ಕರೆದು ಹೇಳಿದೆ. ಸರ ಕೊಟ್ಟವರು ಯಾರು ಎಂದು ಅವರು ಕೇಳಿದರು. "ದತ್ತಾ" ಎಂದೆ. ಪದ ತಪ್ಪಿತೇನೋ ಎಂಬಂತೆ ನನ್ನನ್ನೇ ನೋಡಿದರು. ತಪ್ಪಿಲ್ಲವೆಂದು ತಲೆಯಾಡಿಸಿದೆ. ಮಗಳು ಮಾತ್ರ ಇನ್ನೂ ನನ್ನ ಕೋಣೆಯ ಹೊಸ್ತಿಲು ದಾಟಿಲ್ಲ. ಪೊರಕೆಯನ್ನು ಬಾಗಿಲಲ್ಲಿಟ್ಟು ಹೋಗುತ್ತಾಳೆ.

ಮದುವೆ ವರ್ಷದ ರಜೆಯಲ್ಲೇ ಬಿತ್ತು. ಟಿಕೆಟ್ಟನ್ನು ಮೊದಲೇ ತೆಗೆದಿದ್ದೆ. ಎರಡು ವಾರದ ಹಿಂದೆ ಅಕ್ಕನೇ ಫೋನು ಮಾಡಿದಳು. ದನಿ ಮೆತ್ತಗಿತ್ತು.

"ಬರೂವಾಗ ಆ ಸರ ಹಾಕ್ಕೊಂಡ ಬಾ."

"ಯಾವ ಸರ?"

"ನಿನ್ನ ಹಂತೇಲಿರೂದು. ದೊಡ್ಡವ್ವ ಫೋಟೋ ನೋಡಿ, ಸಣ್ಣಾಕೀದಲ್ಲನು ಇದು ಅಂತ ಕೇಳಾಕತ್ತಾಳ. ಅಂಥಾದ್ದ ಹೊಸಾದು ಮಾಡಿಸೀವಿ, ಅವ್ವಂದು ಕಸ್ತೂರಿ ಕೊಳ್ಳಾಗ ಐತಿ ಅಂದೀನಿ."

"ಹಸರ ಬಿಡತೈತಕ್ಕ."

"ಒಂದೊಪ್ಪತ್ತಿಗೇನ ಆಗಂಗಿಲ್ಲ. ನಮ್ಮ ಕಡಿ ಗಾಳಿ ಒಣಾದು."

"ನಾ ಬರೇ ಕೊಳ್ಳಾಗ ಬರತೀನಿ."

"ಹಂಗ ಬರೂದಿದ್ರ ನಮ್ಮ ಮನಿಗೆ ಬರಬ್ಯಾಡ" ಎಂದು ಅಕ್ಕ ಫೋನು ಇಟ್ಟಳು.

ಆ ಇಬ್ಬರು ಶಿಕ್ಷಕಿಯರಿಗೆ ಈಗ ಹೇಳಬಲ್ಲೆ. ಹಾಕಿಕೊಂಡು ಬರಬೇಡಿ. ಕಳ್ಳರ ಭಯಕ್ಕಲ್ಲ. ನಾನು ಕಾಯುತ್ತ ಕೂತ ನಾಲ್ಕು ತಿಂಗಳು ಇಲ್ಲಿ ಒಬ್ಬರೂ ನನ್ನ ಬೀಗ ಮುಟ್ಟಲಿಲ್ಲ, ನಾನು ಮಾತ್ರ ಎಲ್ಲರನ್ನೂ ಅನುಮಾನಿಸಿದೆ. ಆದರೆ ಎಲ್ಲಿ ಬಿಟ್ಟು ಬರಬೇಕು ಎಂದು ನನ್ನನ್ನು ಕೇಳಬೇಡಿ. ಬ್ಯಾಂಕಿನ ಲಾಕರು ಎನ್ನಬಹುದು. ಸ್ವಂತ ಅಕ್ಕ ಇರುವವರಿಗೆ ಹಾಗೆ ಹೇಳಲು ನನಗೆ ಇನ್ನೂ ನಾಲಿಗೆ ಏಳುವುದಿಲ್ಲ.

ಟಿಕೆಟ್ ರದ್ದು ಮಾಡಿಲ್ಲ. ಮದುವೆ ಇರುವುದು ಬಬಲೇಶ್ವರದ ಕಲ್ಯಾಣ ಮಂಟಪದಲ್ಲಿ. ಅದು ಅಕ್ಕನ ಮನೆಯಲ್ಲ. ಇಬ್ರಾಹಿಂಪುರದ ಕೋಣೆಗೆ ಬೇರೆಯವರು ಬಂದಿದ್ದಾರೆ. ಹಾಗಾಗಿ ವಿಜಯಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿಗೆ ಇಲ್ಲಿಂದಲೇ ಫೋನು ಮಾಡಿದೆ.

"ನಾಕ ದಿನಕ್ಕ ರೂಮ್ ಬೇಕಿತ್ರಿ. ಒಬ್ಬಾಕಿ ಅದೀನಿ."

"ಆಧಾರ್ ಎಲ್ಲೀದರಿ?"

"ವಿಜಯಪುರದ್ದ."

"ಲೋಕಲ್ ಆಧಾರಿಗೆ ರೂಮ್ ಕೊಡೂದಿಲ್ರಿ ಮೇಡಂ. ಮನಿ ಇಲ್ಲೇ ಇಟ್ಕೊಂಡು ಲಾಡ್ಜಿಗ್ಯಾಕ ಬರತೀರಿ?"

"ನಾ ಮಾಲ್ಡೀವ್ಸಿನಿಂದ ಬರಾಕತ್ತೇನ್ರಿ."

"ಮಾತು ನಮ್ಮ ತಿಕೋಟಾ ಕಡೆದ ಐತಲ್ರಿ?"

ನಾನು ಸುಳ್ಳು ಹೇಳುವವಳಲ್ಲ. "ಕಲತೀನ್ರಿ" ಎಂದೆ.

"ಹಂಗಾದ್ರ ಹೊರಗಿನವರೇನ್ರಿ?"

"ಹೌದ್ರಿ. ಹೊರಗಿನಾಕಿ."

"ಮೊದಲಽ ಹೇಳಬೇಕಿಲ್ಲೇನ್ರೀ. ಪಾಸ್‌ಪೋರ್ಟ್, ಅಲ್ಲೀ ಕೆಲಸದ ಕಾರ್ಡು, ಎರಡರ ಝೆರಾಕ್ಸ್ ತರ್ರಿ. ಕಿಟಕಿ ಇರೂ ರೂಮ್ ಕೊಡತೀನಿ. ಹೆಸರೇನ್ರಿ?"

ಹೇಳಿದೆ. ಇಲ್ಲಿ ದ್ವೀಪದಲ್ಲಿ ನನ್ನ ಹೆಸರನ್ನು ಯಾರಿಗೆ ಹೇಳಿದರೂ ಮೂರು ಸಲ ಹೇಳಬೇಕು, ಒಂದೊಂದೇ ಅಕ್ಷರ ಬಿಡಿಸಿ. ಅವನು ಮತ್ತೊಮ್ಮೆ ಕೇಳಲಿಲ್ಲ. ಒಂದೇ ಸಲಕ್ಕೆ, ಹೊರಗಿನವರ ಪುಸ್ತಕದಲ್ಲಿ, ಬರೆದುಕೊಂಡ.