ಮಂಚದ ಧೂಳಿಗೆ ಬೇರೆ ಚೀಲ

ಧೂಳು ಎಳೆಯುವ ಯಂತ್ರ ಕೊಳ್ಳಲು ಉಡುಪಿಗೆ ಹೋದಾಗ ನನ್ನ ಮುಖ್ಯ ಪ್ರಶ್ನೆಗೆ ಯಾವ ಕ್ಯಾಟಲಾಗಿನಲ್ಲೂ ಉತ್ತರವಿರಲಿಲ್ಲ. ಕಾಪುವಿನ ನಮ್ಮ ಮನೆಯಲ್ಲಿ ಬಚ್ಚಲಿನ ಗೋಡೆ ಕೊರೆಯಬೇಕಿತ್ತು. ದೈವದ ಕೋಣೆಯಲ್ಲಿ ದೈವಕ್ಕೆಂದೇ ಇಟ್ಟಿರುವ ಹಲಸಿನ ಮಂಚದ ಹಳೆ ಪಾಲಿಶನ್ನೂ ಉಜ್ಜಿ ತೆಗೆಯಬೇಕಿತ್ತು. "ಬಚ್ಚಲಿನ ಧೂಳಿನ ಜೊತೆ ಮಂಚದ ಧೂಳು ಸೇರಬಾರದು" ಎಂದು ಅಮ್ಮ ಹೇಳಿಬಿಟ್ಟಿದ್ದರು.

ಅಂಗಡಿಯ ಬ್ಯಾರಿ ಮುಸ್ಲಿಂ ಯಜಮಾನರು ಮೋಟಾರು, ಫಿಲ್ಟರು ಎಲ್ಲ ವಿವರಿಸಿದ ಮೇಲೆ ಸಂಕೋಚದಿಂದಲೇ ಅಮ್ಮನ ಮಾತು ಹೇಳಿದೆ. ಅವರು ನಗಲಿಲ್ಲ.

"ಹಾಗಾದ್ರೆ ಧೂಳೆಲ್ಲ ಒಂದೇ ಡಬ್ಬಿಗೆ ಬೀಳುವ ಇದು ಬೇಡ. ಚೀಲ ಬದಲಿಸುವ ಮಾಡೆಲ್ ಉಂಟು, ಅದು ತಕೊಳ್ಳಿ" ಎಂದರು. ಬಿಲ್ ಬರೆಯಲು ಹೋದವರು ಕೈ ತಡೆದು, "ಆದ್ರೆ ಪೈಪು? ಪೈಪು ಒಂದೇ ಅಲ್ವಾ ಮಾರಾಯ್ರೆ? ಅಮ್ಮನಿಗೆ ಒಂದು ಫೋನ್ ಮಾಡಿ" ಎಂದರು.

ಮಾಡಿದೆ. "ಮೊದಲು ಮಂಚದ ಕೆಲಸ ಮಾಡು, ಬಚ್ಚಲು ಆಮೇಲೆ" ಎಂದರು ಅಮ್ಮ. ನನಗಿಂತ ಹೆಚ್ಚು ನೆಮ್ಮದಿಯಾದದ್ದು ಯಜಮಾನರಿಗೆ.

ಕೆಲಸವೆಲ್ಲ ಮುಗಿದಿದೆ. ಬಚ್ಚಲಿನ ಚೀಲ ಕಸದ ಗಾಡಿಗೆ ಹೋಯಿತು. ಮಂಚದ ಚೀಲವನ್ನು ಬಿಸಾಡಲು ಅಮ್ಮನಿಗೆ ಮನಸ್ಸಿಲ್ಲ, ನನಗೆ ಧೈರ್ಯವಿಲ್ಲ. ಅದು ದೈವದ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದೆ. ಯಂತ್ರ ತಂದು ಧೂಳನ್ನು ಜೋಪಾನ ಮಾಡಿದ ಮನೆ ಇಡೀ ಕಾಪುವಿನಲ್ಲಿ ನಮ್ಮದೊಂದೇ ಇರಬೇಕು.